ಅಳಿಯನ ಕಾರಿಗೆ ಕಣ್ಣು ಹೋದದ್ದು

ಅತ್ತೆಯವರು ಮನೆಗೆ ಬರುವುದಕ್ಕೆ ತಿಥಿ, ವಾರ, ನಕ್ಷತ್ರ ಯಾವುದೂ ಬೇಕಾಗಿಲ್ಲ. ಒಂದು ಆಟೋ ಸಿಕ್ಕರೆ ಸಾಕು. ಹೊರಡುವುದಕ್ಕೆ ಮಾತ್ರ ಇಡೀ ಪಂಚಾಂಗವೇ ಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಪರಮಸತ್ಯ ನನಗೆ ಹೊಳೆದದ್ದು ಹೋದ ಜೂನ್ ತಿಂಗಳಲ್ಲಿ.

ನಮ್ಮ ಅತ್ತೆ ಗೋವಿಂದಮ್ಮನವರು ಬೊಮ್ಮನಹಳ್ಳಿಯ ಮಗನ ಮನೆಯಿಂದ ಹನುಮಂತನಗರದ ನಮ್ಮ ಮನೆಗೆ "ಎರಡು ದಿನ ಇದ್ದು ಹೋಗ್ತೀನಿ" ಎಂದು ಬಂದಾಗ ಪೇಟೆಗೆ ಆಗತಾನೇ ಮಾವಿನಕಾಯಿ ಬಂದಿತ್ತು. ಮಾವಿನಕಾಯಿ ಹಣ್ಣಾಯಿತು, ಹಣ್ಣು ಮುಗಿಯಿತು, ಗಾಂಧಿಬಜಾರಿನಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಕಾಣಿಸಿಕೊಂಡವು. ಅತ್ತೆಯವರ ಎರಡು ದಿನ ಮಾತ್ರ ಮುಗಿದಿರಲಿಲ್ಲ. ಇಷ್ಟರೊಳಗೆ ನನ್ನ ಆರಾಮ ಕುರ್ಚಿ ಅವರದಾಗಿತ್ತು. ಟಿವಿಯ ರಿಮೋಟು ಅವರ ಸೆರಗಿನಡಿ ಅಂತರ್ಧಾನವಾಗಿತ್ತು. ಬೆಳಗಿನ ಪೇಪರು ನನ್ನ ಕೈಗೆ ಬರುವಷ್ಟರಲ್ಲಿ ಹಪ್ಪಳದ ಎಣ್ಣೆ ಕುಡಿದು ಪಾರದರ್ಶಕವಾಗಿರುತ್ತಿತ್ತು (ಎರಡು ಪುಟ ಒಟ್ಟಿಗೇ ಓದಬಹುದು ಎಂಬ ಅನುಕೂಲ ಉಂಟು, ಇಲ್ಲವೆನ್ನಲಾರೆ). ನಾನು ಸಹಕಾರಿ ಬ್ಯಾಂಕೊಂದರ ಮ್ಯಾನೇಜರು. ಅಲ್ಲಿ ನಾನು ಒಳಗೆ ಬಂದರೆ ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಮನೆಗೆ ಬಂದರೆ ಕೂರುವುದಕ್ಕೆ ನಾನೇ ಜಾಗ ಹುಡುಕಬೇಕಿತ್ತು.

ಹಾಗೆಂದು ಹೆಂಡತಿ ಶಾಂತಲೆಯ ಮುಂದೆ ಬಾಯಿ ಬಿಡುವಂತಿಲ್ಲ. "ಅಮ್ಮ ಇದ್ರೆ ಮನೆ ತುಂಬಿದ ಹಾಗಿರುತ್ತೆ ಅಲ್ವೇನ್ರೀ?" ಎಂದು ಅವಳು ದಿನಕ್ಕೊಮ್ಮೆ ಕೇಳುತ್ತಿದ್ದಳು. "ತುಂಬಿ ತುಳುಕ್ತಾ ಇದೆ ಕಣೆ" ಎಂದು ನಾನು ನಗುತ್ತಿದ್ದೆ. ನನ್ನ ನಗು ನನಗೇ ಕೇಳಲಾಗುತ್ತಿರಲಿಲ್ಲ.

ಹೊರಡುವ ಮಾತು ಬಂದಾಗಲೆಲ್ಲ ಅತ್ತೆಯವರೇನೂ ಒಲ್ಲೆ ಎಂದವರಲ್ಲ. ಆದರೆ ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗಬಾರದು. ಸೋಮವಾರ, ಶನಿವಾರ ಪೂರ್ವಕ್ಕೆ ಶೂಲೆ, ಗುರುವಾರ ದಕ್ಷಿಣಕ್ಕೆ ಶೂಲೆ. ಬೊಮ್ಮನಹಳ್ಳಿಯೋ, ನಮ್ಮ ಗ್ರಹಚಾರಕ್ಕೆ ಸರಿಯಾಗಿ ಆಗ್ನೇಯದಲ್ಲಿದೆ. ಎರಡೂ ಕಡೆಯ ಶೂಲೆಯೂ ತಗಲುತ್ತದೆ. ಬುಧವಾರ ಅವರ ಗಂಡ ತೀರಿಕೊಂಡ ವಾರ. ಉಳಿದದ್ದು ಭಾನುವಾರ. ಆ ಭಾನುವಾರ ಸಂಜೆ ನಾಲ್ಕೂವರೆವರೆಗೆ ಅಷ್ಟಮಿ, ಆಮೇಲೆ ಆರರವರೆಗೆ ರಾಹುಕಾಲ, ಆಮೇಲೆ ದೀಪ ಹಚ್ಚುವ ಹೊತ್ತು. ದೀಪ ಹಚ್ಚುವಾಗ ಮುತ್ತೈದೆಯಾಗಲಿ ಅಲ್ಲದವರಾಗಲಿ ಹೊಸ್ತಿಲು ದಾಟುವುದುಂಟೇ? ಅಂತೂ ಏಳು ಗಂಟೆಗೆ ಹೊರಡಬಹುದು ಎಂದು ತೀರ್ಮಾನವಾಯಿತು. ಅದು ತಪ್ಪಿದರೆ ಮುಂದಿನ ಭಾನುವಾರ ಅಮಾವಾಸ್ಯೆ, ಅದರ ಮರುದಿನವೇ ಆಷಾಢ. ಆಷಾಢದಲ್ಲಿ ಅತ್ತೆಯವರು ಬೀದಿ ತುದಿಯ ಅಂಗಡಿಗೂ ಹೋಗುವವರಲ್ಲ. ಆಷಾಢ ಕಳೆದರೆ ಶ್ರಾವಣ, ಗೌರಿ, ಗಣೇಶ. ಅರ್ಥವಾಯಿತಲ್ಲ? ಭಾನುವಾರ ಏಳು ಗಂಟೆ ಬಿಟ್ಟರೆ ನನಗೆ ನನ್ನ ಕುರ್ಚಿ ಸಿಗುವುದು ದಸರಾಕ್ಕೆ.

"ಕ್ಯಾಬ್ ಬುಕ್ ಮಾಡಿದರಾಯಿತಪ್ಪ" ಎಂದು ನೀವು ಹೇಳಬಹುದು. ನಾನೂ ಹೇಳಿದ್ದೆ. ಅತ್ತೆಯವರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. "ಅಳಿಯ ಇದ್ದೂ ಬಾಡಿಗೆ ಗಾಡೀಲಿ ಕಳಿಸಿದ್ರು ಅಂತ ಸೊಸೆ ಆಡ್ಕೊಳ್ತಾಳೆ. ಆಡ್ಕೊಳ್ಲಿ ಬಿಡಿ. ನಮ್ಮ ಹಣೇಲಿ ಬರ್ದಿದ್ದು." ಅಲ್ಲಿಗೆ ಕ್ಯಾಬಿನ ಅಧ್ಯಾಯ ಮುಗಿಯಿತು. ಅಳಿಯನೇ ಸ್ವಂತ ಕಾರಿನಲ್ಲಿ ಕೂರಿಸಿಕೊಂಡು, ಮಗನ ಮನೆ ಬಾಗಿಲಲ್ಲಿ ಇಳಿಸಿ ಬರಬೇಕು.

ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಕೊಂಡಾಗ ಕೆಂಪಗಿತ್ತು, ಈಗ ನಿನ್ನೆಯ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿದೆ. ಆದರೆ ಎಂಜಿನ್ ಮಾತ್ರ ಗುಂಡುಕಲ್ಲು. ಶನಿವಾರ ಸಂಜೆ, ಮರುದಿನದ ಮಹಾಪ್ರಸ್ಥಾನಕ್ಕೆ ಸಿದ್ಧತೆಯೆಂದು ಎಲ್ಲವನ್ನೂ ಒಮ್ಮೆ ಪರೀಕ್ಷಿಸಲು ಕುಳಿತೆ. ಸ್ಟಾರ್ಟ್ ಆಯಿತು, ಹಾರ್ನ್ ಹೊಡೆಯಿತು, ಸಣ್ಣ ಪಾರ್ಕಿಂಗ್ ದೀಪಗಳು ಹತ್ತಿದವು. ಹೆಡ್‌ಲೈಟ್ ಸ್ವಿಚ್ ತಿರುಗಿಸಿದೆ. ಎದುರಿನ ಗೋಡೆ ಕತ್ತಲಾಗಿಯೇ ಇತ್ತು. ಮತ್ತೆ ತಿರುಗಿಸಿದೆ. ಡಿಮ್ ಇಲ್ಲ, ಬ್ರೈಟ್ ಇಲ್ಲ. ಎರಡು ಕಣ್ಣೂ ಒಟ್ಟಿಗೇ ಹೋಗಿದ್ದವು.

ತಕ್ಷಣ ಮೆಕ್ಯಾನಿಕ್ ವೇಣುವಿಗೆ ಫೋನ್ ಮಾಡಿದೆ.

"ಸಾರ್, ನಾನು ಕುಣಿಗಲ್‌ನಲ್ಲಿದ್ದೀನಿ, ತಂಗಿ ಮಗೂದು ನಾಮಕರಣ. ಮಂಗಳವಾರ ಬಂದು ನೋಡ್ತೀನಿ ಬಿಡಿ."

"ಮಂಗಳವಾರ ಆಗಲ್ಲಪ್ಪ, ಜೀವನ್ಮರಣದ ಪ್ರಶ್ನೆ."

"ಹಂಗಾದ್ರೆ ಫ್ಯೂಸ್ ನೋಡಿ, ಬಲ್ಬ್ ನೋಡಿ, ರಿಲೇ ನೋಡಿ, ಅರ್ತ್ ನೋಡಿ. ಬೇರೆ ವೈರಿಗೆ ಮಾತ್ರ ಕೈ ಹಾಕ್ಬೇಡಿ ಸಾರ್."

ಕೊನೆಯ ವಾಕ್ಯದಲ್ಲಿದ್ದ ಅವಮಾನವನ್ನು ನಾನು ಗಮನಿಸದೆ ಇರಲಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ತೊಂಬತ್ತೊಂದು ಬಂದಿದ್ದ ಮನುಷ್ಯ ನಾನು. ಎಲೆಕ್ಟ್ರಾನುಗಳು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತವೆಂದು ನನಗೆ ಹೇಳಿಕೊಡಬೇಕೆ? ಅದೇ ಸಂಜೆ ಒಂದು ಮಲ್ಟಿಮೀಟರ್ ಕೊಂಡುತಂದೆ. ವೋಲ್ಟೇಜು ಅಳೆಯುವ ಈ ಉಪಕರಣ ಕೈಗೆ ಬಂದ ಮೇಲೆ ನನ್ನ ನಡಿಗೆಯೇ ಬದಲಾಯಿತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಕಾರ್ಯಾಚರಣೆ ಆರಂಭಿಸಿದೆ. ಹೆಡ್‌ಲೈಟ್ ರಿಪೇರಿಯ ಕಷ್ಟವೇನೆಂದರೆ, ಸ್ವಿಚ್ ಒಳಗಿರುತ್ತದೆ, ದೀಪ ಹೊರಗಿರುತ್ತದೆ. ಒಬ್ಬರು ಹಾಕಬೇಕು, ಒಬ್ಬರು ನೋಡಬೇಕು. ಅಂದರೆ ದಂಪತಿಗಳು ಬೇಕು. ಶಾಂತಲೆಯನ್ನು ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಬಾನೆಟ್ ಎತ್ತಿ ಅದರ ಹಿಂದೆ ಮರೆಯಾದೆ.

"ಈಗ ಹಾಕು!"

"ಹಾಕ್ದೆ!"

"ಎಲ್ಲಿ ಹಾಕ್ದೆ, ಏನೂ ಬರ್ಲಿಲ್ವಲ್ಲ?"

"ಬರ್ದೇ ಇದ್ರೆ ನಾನೇನ್ ಮಾಡ್ಲಿ? ಬರಲ್ಲ ಅಂತ ತಾನೇ ರಿಪೇರಿ ಮಾಡ್ತಿರೋದು!"

"ಆ ಕಡ್ಡೀನ ತಿರುಗಿಸ್ದ್ಯಾ?"

"ತಿರುಗಿಸ್ದೆ!"

ಬಾನೆಟ್ಟಿನ ಹಿಂದೆ ವೈಪರುಗಳು ಒಣ ಗಾಜಿನ ಮೇಲೆ ಕರ್ರೋ ಎಂದು ಎದ್ದು ಕುಣಿಯತೊಡಗಿದವು.

"ಅದಲ್ಲ ಕಣೆ, ಇನ್ನೊಂದು ಕಡ್ಡಿ!"

"ಎರಡು ಕಡ್ಡಿ ಇಟ್ಕೊಂಡು 'ಆ ಕಡ್ಡಿ' ಅಂದ್ರೆ ನಂಗೇನ್ ಕನಸು ಬೀಳುತ್ತಾ? ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ, ಬೇಗ ಮಾಡಿ."

ಫ್ಯೂಸ್ ತೆಗೆದು ಬೆಳಕಿಗೆ ಹಿಡಿದೆ, ಚೆನ್ನಾಗಿತ್ತು. ಬಲ್ಬ್ ಬಿಚ್ಚಿ ನೇರ ಬ್ಯಾಟರಿಗೆ ಮುಟ್ಟಿಸಿದೆ, ಧಗ್ಗನೆ ಹತ್ತಿ ಕಣ್ಣು ಕತ್ತಲಿಟ್ಟಿತು. ರಿಲೇ ಎಂಬ ಪುಟ್ಟ ಡಬ್ಬಿಯನ್ನು ಕಿತ್ತು ಊದಿ ಕೂರಿಸಿದೆ, ಟಿಕ್ ಎಂದು ಉತ್ತರ ಕೊಟ್ಟಿತು. ಅರ್ತ್ ವೈರಿನ ಬೋಲ್ಟನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಬಲ್ಬಿನ ಬುಡದಲ್ಲಿ ಮಲ್ಟಿಮೀಟರ್ ಇಟ್ಟರೆ ಸೊನ್ನೆ. ವೇಣು ಹೇಳಿದ್ದೆಲ್ಲ ಮುಗಿಯಿತು, ದೀಪ ಬರಲಿಲ್ಲ. ಆಗ ವೇಣು ಮಾಡಬೇಡಿ ಎಂದದ್ದನ್ನು ಮಾಡುವುದೊಂದೇ ಉಳಿದಿತ್ತು.

ವರಾಂಡದಲ್ಲಿ, ನನ್ನ ಕುರ್ಚಿಯಲ್ಲಿ ಕುಳಿತು ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆಯವರು ಎಲ್ಲವನ್ನೂ ನೋಡುತ್ತಿದ್ದರು. "ಯಾಕಿಷ್ಟು ಒದ್ದಾಡ್ತೀರಿ ಅಳಿಯಂದ್ರೆ? ಆಗ್ದಿದ್ರೆ ಬಿಡಿ, ಆಷಾಢ ಕಳೀಲಿ, ಹೋದ್ರಾಯ್ತು."

"ಇಲ್ಲ ಇಲ್ಲ ಅತ್ತೆ, ಮಾತು ಕೊಟ್ಟ ಮೇಲೆ ತಪ್ಪಬಾರ್ದು" ಎಂದೆ. ನನ್ನ ದನಿಯಲ್ಲಿ ಹರಿಶ್ಚಂದ್ರನ ಗಾಂಭೀರ್ಯವಿತ್ತು. ನಾನು ಎರಡು ವೈರುಗಳನ್ನು ಕಿತ್ತು, ಉಜ್ಜಿ, ಮರಳಿ ಅವುಗಳ ಜಾಗದಲ್ಲೇ ಸಿಕ್ಕಿಸಿದೆ. (ಅವುಗಳ ಜಾಗ ಎಂದು ನಾನು ತಿಳಿದ ಜಾಗದಲ್ಲಿ, ಎಂದು ಓದಿಕೊಳ್ಳಿ.)

"ಹಾಕು ಶಾಂತಲಾ!"

ಶಾಂತಲೆ ಹಾಕಿದಳು. ಹಾರ್ನ್ ಹೊಡೆಯಿತು. ಹೊಡೆಯುತ್ತಲೇ ಹೋಯಿತು. ಅವಳು ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸಿದಳು. ವೈಪರ್ ಕುಣಿಯಿತು, ಇಂಡಿಕೇಟರ್ ಮಿಟುಕಿತು, ಗಾಜು ತೊಳೆಯುವ ನೀರು ಚಿಮ್ಮಿ ನನ್ನ ಕನ್ನಡಕ ತೊಳೆಯಿತು. ಹೆಡ್‌ಲೈಟ್ ಒಂದು ಬಿಟ್ಟು ಆ ಕಾರಿನಲ್ಲಿ ಏನೇನಿತ್ತೋ ಎಲ್ಲವೂ ಕೆಲಸ ಮಾಡಿತು. ಪಕ್ಕದ ಮನೆಯ ಗಂಗಾಧರಯ್ಯನವರು ಬನಿಯನ್ನಿನಲ್ಲೇ ಕಾಂಪೌಂಡಿನ ಬಳಿ ಓಡಿ ಬಂದರು.

"ಏನ್ರೀ ಸೋಮನಾಥ್, ಮನೇಲಿ ಏನಾದ್ರೂ ವಿಶೇಷಾನಾ?"

"ಹೆಡ್‌ಲೈಟ್ ರಿಪೇರಿ ಮಾಡ್ತಿದೀನಿ ಸಾರ್!" ಎಂದು ಹಾರ್ನಿಗಿಂತ ಜೋರಾಗಿ ಕೂಗಿದೆ.

"ಕೇಳಿಸ್ತಾ ಇದೆ" ಎಂದು ಅವರು ಒಳಗೆ ಹೋದರು.

ಬ್ಯಾಟರಿಯ ವೈರನ್ನೇ ಕಿತ್ತು ಹಾರ್ನಿನ ಬಾಯಿ ಮುಚ್ಚಿಸಿದೆ. ವೈರುಗಳನ್ನು ಮೊದಲಿದ್ದ ಹಾಗೆ ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಲೆಯ ಮೇಲಿನ ಬೇಳೆ ಸೀದು ಹೋಗಿತ್ತು, ಅದೂ ನನ್ನ ಖಾತೆಗೇ ಬಂತು. ಊಟದ ಮೇಲೆ ಅಲ್ಲಿ ಇಲ್ಲಿ ಅಲೆದೆ. ಭಾನುವಾರವಾದ್ದರಿಂದ ಗ್ಯಾರೇಜುಗಳು ಮುಚ್ಚಿದ್ದವು. ತೆರೆದಿದ್ದ ಒಂದರಲ್ಲಿ, "ಪೂರ್ತಿ ವೈರಿಂಗ್ ಚೇಂಜ್ ಮಾಡ್ಬೇಕು ಸಾರ್, ಗಾಡಿ ಬಿಟ್ಟು ಹೋಗಿ, ಗುರುವಾರ ಬನ್ನಿ" ಎಂದರು. ಗುರುವಾರ ದಕ್ಷಿಣಕ್ಕೆ ಶೂಲೆ ಎಂದು ಅವರಿಗೆ ವಿವರಿಸದೆ ವಾಪಸು ಬಂದೆ.

ಅತ್ತೆಯವರು ಮಗಳಿಗೆ ಸಮಾಧಾನ ಹೇಳುತ್ತಿದ್ದುದು ಕೇಳಿಸಿತು. "ಪಾಪ, ಬಿಡೇ. ಬ್ಯಾಂಕಿನ ಕೆಲಸ ಆದ್ರೂ ಬರುತ್ತಲ್ಲ ಅವ್ರಿಗೆ."

ಆ ಮಾತಿನಿಂದ ನನ್ನ ರಕ್ತ ಕುದಿಯಿತು. ದೀಪವಿಲ್ಲದಿದ್ದರೆ ಬೇಡ. ಯಾವುದಾದರೂ ಬಿಎಂಟಿಸಿ ಬಸ್ಸಿನ ಬಾಲ ಹಿಡಿದು, ಬೀದಿದೀಪದ ಬೆಳಕಿನಲ್ಲಿ, ಬೊಮ್ಮನಹಳ್ಳಿ ಮುಟ್ಟಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ.

ಏಳಕ್ಕೆ ಸರಿಯಾಗಿ ಡಿಕ್ಕಿಯೊಳಗೆ ಎರಡು ಉಪ್ಪಿನಕಾಯಿ ಭರಣಿ, ಒಂದು ಹಲಸಿನ ಹಣ್ಣು, ಕರಿಬೇವಿನ ಗಿಡದ ಕುಂಡ, ಎರಡು ಬ್ಯಾಗು ಕುಳಿತವು. ಹಿಂದಿನ ಸೀಟಿನಲ್ಲಿ ಕೂತರೆ ತಲೆ ಸುತ್ತುತ್ತದೆಂದು ಅತ್ತೆಯವರು ಮುಂದೆ ನನ್ನ ಪಕ್ಕದಲ್ಲಿ ಕುಳಿತು, ಎರಡು ಕಾಲನ್ನೂ ಗಟ್ಟಿಯಾಗಿ ಊರಿ, ಬಾಗಿಲ ಮೇಲಿನ ಹಿಡಿಯನ್ನು ಕೈಯಲ್ಲಿ ಹಿಡಿದರು. ಗಾಡಿ ಇನ್ನೂ ಸ್ಟಾರ್ಟೇ ಆಗಿರಲಿಲ್ಲ. ನಾನು ಅಭ್ಯಾಸಬಲದಿಂದ ಹೆಡ್‌ಲೈಟ್ ಸ್ವಿಚ್ ತಿರುಗಿಸಿದೆ.

ಎದುರಿನ ಗೋಡೆ ಬೆಳಗಿತು!

"ಶಾಂತಲಾ! ನೋಡಿದ್ಯಾ? ಅರ್ತ್ ಕಣೆ, ಅರ್ತ್! ನಾನು ಉಜ್ಜಿದ್ನಲ್ಲ, ಈಗ ಕೂತ್ಕೊಂಡಿದೆ ಅದು!" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದೆ. ಗಂಗಾಧರಯ್ಯನವರ ಕಿಟಕಿಗೆ ಬೇಕೆಂದೇ ಎರಡು ಸಲ ಬ್ರೈಟ್ ಹೊಡೆದೆ. ಶಾಂತಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೈ ಬೀಸಿದಳು. ಅಮ್ಮ ಹೋಗುತ್ತಿರುವ ದುಃಖ, ಪಾಪ, ಎಂದುಕೊಂಡೆ.

ಅತ್ತೆಯವರ ಜೊತೆ ಕಾರಿನಲ್ಲಿ ಹೋಗುವುದೆಂದರೆ ಇಬ್ಬರು ಡ್ರೈವರುಗಳಿರುವ ಕಾರಿನಲ್ಲಿ ಹೋದಂತೆ. ಸ್ಟಿಯರಿಂಗ್ ನನ್ನದು, ಬ್ರೇಕು ಅವರದು. ಅವರ ಕಡೆ ಬ್ರೇಕ್ ಇಲ್ಲ ಎಂಬುದು ಅವರಿಗೊಂದು ಅಡ್ಡಿಯಾಗಿರಲಿಲ್ಲ. ಮುಂದೆ ಬೈಕು ಕಂಡರೆ ತುಳಿತ, ನಾಯಿ ಕಂಡರೆ ತುಳಿತ, ಅರ್ಧ ಮೈಲಿ ದೂರದಲ್ಲಿ ಲಾರಿ ಕಂಡರೆ ಈಗಲೇ ತುಳಿತ. "ನಿಧಾನ ನಿಧಾನ, ಅಯ್ಯೋ, ಆಟೋ!" ಎನ್ನುತ್ತ ನೆಲದ ಮ್ಯಾಟನ್ನು ಒತ್ತಿ ಹಿಡಿದಿದ್ದರು. ಬನಶಂಕರಿ ದಾಟುವವರೆಗೆ ದೀಪ ದೇದೀಪ್ಯಮಾನವಾಗಿ ಉರಿಯಿತು.

ಸಾರಕ್ಕಿ ಸಿಗ್ನಲಿನಲ್ಲಿ ಗಾಡಿ ನಿಂತಿತು. ಇನ್ನು ಕೆಂಪು ಬೇಗ ಹೋಗುವುದಿಲ್ಲವೆಂದು ಅತ್ತೆಯವರು ಕಾಲು ಮಡಚಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು. ದೀಪ ಆರಿತು. ಹಸಿರು ಬಂತು. ನಾನು ಸ್ವಿಚ್ಚನ್ನು ತಿರುಗಿಸಿದೆ, ಡ್ಯಾಶ್‌ಬೋರ್ಡಿಗೆ ಗುದ್ದಿದೆ. ಹಿಂದಿನಿಂದ ಹತ್ತು ಹಾರ್ನುಗಳು ಎದ್ದವು, ಟ್ರಾಫಿಕ್ ಪೊಲೀಸಿನವರು ನನ್ನ ಕಡೆ ಬೆರಳು ತೋರಿಸಿ ಹೆಜ್ಜೆಯಿಟ್ಟರು. "ಅಯ್ಯೋ, ಪೊಲೀಸು!" ಎಂದು ಅತ್ತೆಯವರು ಕಾಲಿಳಿಸಿ ಬ್ರೇಕ್ ತುಳಿದರು. ದೀಪ ಹತ್ತಿತು.

"ಅಳಿಯಂದ್ರೆ, ನಾನು ಕಾಲಿಟ್ರೆ ಲೈಟ್ ಬರುತ್ತೆ."

ನಾನು ನಕ್ಕೆ. "ಅದು ಎಲೆಕ್ಟ್ರಿಕಲ್ ವಿಷಯ ಅತ್ತೆ. ಕಾಲಿಗೂ ಲೈಟಿಗೂ ಸಂಬಂಧ ಇಲ್ಲ. ನಾನು ಡ್ಯಾಶ್‌ಬೋರ್ಡಿಗೆ ಗುದ್ದಿದ್ದಕ್ಕೆ ಬಂದಿದ್ದು."

"ಹೌದಾ? ನೀವು ಓದಿದೋರು" ಎಂದರು. ಆಮೇಲೆ ದಾರಿಯುದ್ದಕ್ಕೂ ಕಾಲು ತೆಗೆಯಲಿಲ್ಲ.

ಬೊಮ್ಮನಹಳ್ಳಿಯಲ್ಲಿ ಭಾವಮೈದುನ ದೇವರಾಜ ಗೇಟು ತೆರೆದಾಗ ಅವನ ಮುಖ ವರ್ಗಾವಣೆಯ ಆದೇಶ ಕೈಗೆ ಬಂದವನಂತಿತ್ತು. ಅವನ ಹೆಂಡತಿ ಲತಾಮಣಿ, "ಬನ್ನಿ ಅತ್ತೆ, ನೀವಿಲ್ದೆ ಮನೆ ಬಿಕೋ ಅಂತಿತ್ತು" ಎಂದಳು. (ನನ್ನ ನಗುವನ್ನು ಬೇರೆಯವರ ಮುಖದಲ್ಲಿ ನೋಡಿದ್ದು ಅದೇ ಮೊದಲು.) ನನಗಂತೂ ಆಕಾಶಕ್ಕೆ ಮೂರೇ ಗೇಣು. ಸಾಮಾನೆಲ್ಲ ನಾನೇ ಇಳಿಸಿದೆ. ಕೇಸರಿಬಾತು ಎರಡು ಸಲ ಹಾಕಿಸಿಕೊಂಡೆ. ಅತ್ತೆಯವರ ಕಾಲು ಮುಟ್ಟಿ ನಮಸ್ಕರಿಸಿ, "ಬರ್ತೀನಿ ಅತ್ತೆ, ಹುಷಾರು" ಎಂದು ಕಾರೊಳಗೆ ಕುಳಿತು ಸ್ವಿಚ್ ತಿರುಗಿಸಿದೆ.

ಕತ್ತಲೆ.

ಡ್ಯಾಶ್‌ಬೋರ್ಡಿಗೆ ಗುದ್ದಿದೆ. ಕೈ ನೋವಾಯಿತು. ಅತ್ತೆಯವರು ಗೇಟಿನ ಬಳಿ ನಿಂತು ತಮ್ಮ ಪಾದವನ್ನು ನೋಡಿಕೊಂಡರು.

ದೇವರಾಜ ಪಕ್ಕದ ಸೀಟಿಗೆ ಬಂದು ಮ್ಯಾಟ್ ಎತ್ತಿ ಟಾರ್ಚ್ ಬಿಟ್ಟ. "ಇಲ್ಲೊಂದು ಜಾಯಿಂಟ್ ಇದೆ ಭಾವ, ಯಾರೋ ಟೇಪ್ ಸುತ್ತಿ ಬಿಟ್ಟಿದಾರೆ, ಲೂಸಾಗಿದೆ" ಎಂದು ಕೈ ಹಾಕಿದ. ಕಿಡಿ ಹಾರಿತು. ಅವನು ಕೈ ಕೊಡವಿಕೊಂಡು ಹೊರಗೆ ಹಾರಿದ. ಆಮೇಲೆ ಅಲ್ಲಿಗೆ ಯಾರೂ ಕೈ ಹಾಕಲಿಲ್ಲ, ಬರೀ ಒತ್ತಿ ನೋಡಿದೆವು. ಇಟ್ಟಿಗೆ ಇಟ್ಟರೆ ದೀಪ ಬಂತು, ಬೀದಿಯ ಮೊದಲನೇ ಹಂಪಿನಲ್ಲಿ ಇಟ್ಟಿಗೆ ಮಗುಚಿ ದೀಪ ಹೋಯಿತು. ಒರಳಿನ ಗುಂಡುಕಲ್ಲು ಎರಡನೇ ಹಂಪಿನವರೆಗೆ ಬಾಳಿತು. ದೇವರಾಜನೇ ಕುಳಿತು ತುಳಿದ. ಹೊಂಡ ಬಂದಾಗ ಎಲ್ಲರಂತೆ ಅವನೂ ಕಾಲೆತ್ತಿದ, ದೀಪ ಮಿಣುಕಿತು. ಹೊಂಡ ಬಂದಾಗ ಇನ್ನಷ್ಟು ಬಿಗಿಯಾಗಿ ತುಳಿಯುವ ಕಾಲು ಭೂಮಂಡಲದಲ್ಲಿ ಒಂದೇ ಇತ್ತು.

"ಹೋಗ್ಲಿ, ಕಾರು ಇಲ್ಲೇ ಬಿಟ್ಟು ಆಟೋದಲ್ಲಿ ಹೋಗ್ತೀನಿ" ಎಂದೆ. ಪೊಲೀಸಿನವರ ಬೆರಳು ನೋಡಿದ ಮೇಲೆ ದೀಪವಿಲ್ಲದೆ ಹೊರಡುವ ಶಪಥ ಆರಿ ಹೋಗಿತ್ತು.

"ಅಯ್ಯೋ ಬೇಡಿ ಭಾವ!" ದೇವರಾಜ ಹೌಹಾರಿದ. "ಬೆಳಿಗ್ಗೆ ಎದ್ರೆ ಗಾರ್ಮೆಂಟ್ಸ್ ಬಸ್ಸುಗಳು ಈ ಬೀದೀಲೇ ತಿರುಗೋದು. ಸವರ್ಕೊಂಡ್ ಹೋಗ್ತಾರೆ. ಹಿಂದೆ ನನ್ ಗಾಡೀಗೆ ಹಂಗೇ ಆಯ್ತು."

"ಹಂಗಾದ್ರೆ ನೀನೇ ಬಾರಯ್ಯ ಜೊತೆಗೆ."

"ನಂಗೆ ನೈಟ್ ಶಿಫ್ಟ್ ಇದೆಯಲ್ಲ ಭಾವ."

ನಾನು ತಿರುಗಿ ನೋಡುವಷ್ಟರಲ್ಲಿ ಎರಡು ಭರಣಿ ಮತ್ತು ಕರಿಬೇವಿನ ಕುಂಡ ಡಿಕ್ಕಿಗೆ ಮರಳಿದ್ದವು. ಲತಾಮಣಿ ಹಲಸಿನ ಹಣ್ಣನ್ನು ಅಪ್ಪಿಕೊಂಡು ಬರುತ್ತಿದ್ದಳು. "ಅಣ್ಣ, ರಾತ್ರಿ ಹೊತ್ತು ಲೈಟಿಲ್ದೆ ಹೋಗ್ಬಾರ್ದು. ಅತ್ತೆಗೂ ಅಲ್ಲಿ ಹವಾ ಒಗ್ಗುತ್ತೆ."

ಎಲ್ಲರೂ ಅತ್ತೆಯವರ ಕಡೆ ನೋಡಿದರು. ಅತ್ತೆಯವರು ಮೋಡದ ಕಡೆ ನೋಡುತ್ತಿದ್ದರು. "ನನ್ನ ಯಾಕೆ ಕೇಳ್ತೀರಿ? ಕರೆಯೋರು ಕರೆದ್ರೆ ತಾನೇ ಬರೋದು."

ಜೀವನದಲ್ಲಿ ನಾನು ಬಾಗಿದ್ದುಂಟು, ಆ ದಿನದಷ್ಟು ಬಾಗಿದ್ದಿಲ್ಲ. ಅಕ್ಕಪಕ್ಕದ ಮನೆಯವರು ಕಾಂಪೌಂಡಿಗೆ ಆತು ನೋಡುತ್ತಿದ್ದಂತೆ, ನಾನು ಅತ್ತೆಯವರ ಎರಡೂ ಕೈ ಹಿಡಿದು, "ಬನ್ನಿ ಅತ್ತೆ. ನೀವಿಲ್ದೆ ಆಗಲ್ಲ" ಎಂದೆ. ಅವರು ಬಂದು ಕುಳಿತು ಕಾಲೂರಿದರು. ಬೊಮ್ಮನಹಳ್ಳಿ ಬೆಳಗಿತು. ಕನ್ನಡಿಯಲ್ಲಿ ನೋಡಿದರೆ ದೇವರಾಜ ಗೇಟಿಗೆ ಆಗಲೇ ಚಿಲಕ ಹಾಕುತ್ತಿದ್ದ.

ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ಶಾಂತಲೆ ಆ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಕೈಯಲ್ಲಿ ರಿಮೋಟು, ಮಡಿಲಲ್ಲಿ ಚಿಪ್ಸಿನ ಪೊಟ್ಟಣ ಇಟ್ಟುಕೊಂಡು, ಗೆಳತಿಗೆ ಫೋನಿನಲ್ಲಿ "ಅಬ್ಬಾ! ಕೊನೆಗೂ ಹೋಯ್ತು ನೋಡು, ಈಗ ಉಸಿರಾಡ್ತಿದೀನಿ" ಎನ್ನುತ್ತಿದ್ದಳು. ತಾಯಿಯನ್ನು ಕಂಡು ದಡಕ್ಕನೆ ಎದ್ದಳು, ಪೊಟ್ಟಣ ನೆಲಕ್ಕೆ ಬಿತ್ತು.

"ಅಮ್ಮ! ಬಂದ್ಬಿಟ್ಯಾ? ಒಳ್ಳೇದಾಯ್ತು ಬಿಡು!"

"ಅಳಿಯಂದ್ರು ಬಿಡ್ಲಿಲ್ಲ ಕಣೆ. ಬೀದಿ ಜನದ ಮುಂದೆ ಕೈ ಹಿಡ್ಕೊಂಡು, ನೀವಿಲ್ದೆ ಆಗಲ್ಲ ಅಂದ್ರು. ಹೆತ್ತ ಮಗನೂ ಹಂಗ್ ಕರೀಲಿಲ್ಲ." ಅತ್ತೆಯವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಶಾಂತಲೆ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹಲ್ಲು ಕಚ್ಚಿ ಹೇಳಿದಳು. "ಈ ದಿನಕ್ಕೆ ನಾನು ನಿಮಗಿಂತ ಜಾಸ್ತಿ ಕಾಯ್ತಿದ್ದೆ ಕಣ್ರೀ! ಹೆತ್ತಮ್ಮನ್ನ ಹೋಗು ಅನ್ನೋಕಾಗುತ್ತಾ ಅಂತ ಬಾಯಿ ಮುಚ್ಕೊಂಡಿದ್ದೆ. ಬಿಟ್ಟು ಬನ್ನಿ ಅಂತ ಕಳಿಸಿದ್ರೆ, ಕೈ ಹಿಡ್ಕೊಂಡು ಕರ್ಕೊಂಡು ಬಂದಿದೀರಲ್ಲ! ನೀವಿಲ್ದೆ ಆಗಲ್ಲವಂತೆ!"

"ಲೈಟು ಕಣೆ..." ಎಂದೆ.

"ಏನ್ ಲೈಟು? ನೀವು ಉಜ್ಜಿ ಸರಿ ಮಾಡಿದ್ರಲ್ಲ, ಅದಾ?"

ಅಷ್ಟರಲ್ಲಿ ಹಾಲ್‌ನಲ್ಲಿ ಕುರ್ಚಿ ಕಿರ್ರೆಂದಿತು, ಟಿವಿಯ ದನಿ ಏರಿತು, ಅದರ ಮೇಲೆ ಅತ್ತೆಯವರ ದನಿ ಬಂತು.

"ಅಳಿಯಂದ್ರೆ, ಇನ್ಮೇಲೆ ಸಂಜೆ ಹೊತ್ತು ನೀವು ಎಲ್ಲಿಗಾದ್ರೂ ಹೋಗೋದಿದ್ರೆ ಸಂಕೋಚ ಮಾಡ್ಕೋಬೇಡಿ. ಒಂದು ಮಾತು ಹೇಳಿ, ನಾನು ಬಂದು ಕೂತ್ಕೋತೀನಿ."